ವಸಡು ನೋಡುವ ಮಾವನವರು

ನಮ್ಮ ಮಾವನವರು ಜೀವಮಾನದಲ್ಲಿ ಯಾರ ಮುಖವನ್ನೂ ಪೂರ್ತಿ ನೋಡಿದವರಲ್ಲ ಎಂದರೆ ನೀವು ನಂಬುವುದಿಲ್ಲ. ಮೊದಲು ನಾನೂ ನಂಬಿರಲಿಲ್ಲ. ಆದರೆ ಅವರ ಮನೆಯಲ್ಲಿ ಸೊಸೆಯಾಗಿ ರೊಟ್ಟಿ ಬಡಿದು ಬಡಿದು ಅಂಗೈ ಸವೆದ ಮೇಲೆ ಹೇಳುತ್ತಿದ್ದೇನೆ. ಮೂಗಿನ ಕೆಳಗೆ, ಗದ್ದದ ಮೇಲೆ, ಅಷ್ಟೇ ಅವರ ಪಾಲಿಗೆ ಮನುಷ್ಯ. ಕಣ್ಣು, ಹಣೆ, ಕುಂಕುಮ, ಟೋಪಿ ಇವೆಲ್ಲ ಮೇಲಿನ ಜಾಗ ಖಾಲಿ ಉಳಿಯಬಾರದೆಂದು ದೇವರು ಇಟ್ಟ ಸಾಮಾನು! ಹಾದಿಯಲ್ಲಿ ಸ್ವಂತ ತಮ್ಮ ಎದುರಾದರೂ ಗುರುತು ಸಿಗುತ್ತಿರಲಿಲ್ಲ. ಆ ತಮ್ಮನೇ ಬಾಯಿ ತೆರೆದು "ಅಣ್ಣಾ" ಎಂದ ಮೇಲೆ, "ಹಾಂ, ನೀ ಏನು! ಬಾ, ಬಾ" ಎನ್ನುತ್ತಿದ್ದರು.

ಕಸುಬು ಎತ್ತಿನ ದಲಾಲಿ. ಸೇಡಂ, ಚಿತ್ತಾಪುರ, ಚಿಂಚೋಳಿ, ಎಲ್ಲಿ ದನದ ಸಂತೆ ಕೂಡಿದರೂ ಅಲ್ಲಿ ಮಾವನವರು ಹಾಜರು. ಎತ್ತಿನ ವಯಸ್ಸು ಹಲ್ಲಿನಲ್ಲಿ ತಿಳಿಯುತ್ತದೆ ಎಂಬುದು ರೈತರಿಗೆಲ್ಲ ಗೊತ್ತು. ಎರಡು ಹಲ್ಲಿನ ಹೋರಿ, ನಾಲ್ಕು ಹಲ್ಲಿನದು, ಹಲ್ಲೆಲ್ಲ ಬಂದು ಬಾಯಿಗೂಡಿದ್ದು, ಹೀಗೆ. ಮಾವನವರು ಇದಕ್ಕಿಂತ ಒಂದು ಹೆಜ್ಜೆ ಮುಂದೆ. "ಹಲ್ಲು ಸುಳ್ಳು ಹೇಳ್ತಾವ, ವಸಡು ಹೇಳಂಗಿಲ್ಲ" ಎನ್ನುವುದು ಅವರ ಸಿದ್ಧಾಂತ. ಮಾರುವವನು ಕೊಂಬಿಗೆ ಎಣ್ಣೆ ಸವರಬಹುದು, ಹಲ್ಲಿಗೆ ಅರ ತಿಕ್ಕಬಹುದು, ಹಿಂಡಿ ತಿನ್ನಿಸಿ ಎರಡು ದಿನ ಮೈ ಮಿಂಚಿಸಬಹುದು. ವಸಡಿಗೆ ಏನು ಬಳಿಯುತ್ತಾನೆ? ಇದು ಎತ್ತಿನ ಮಟ್ಟಿಗೆ ಸರಿಯೇ ಇದ್ದಿರಬಹುದು. ತೊಂದರೆ ಎಂದರೆ ಸಂತೆ ಮುಗಿಸಿ ಮನೆಗೆ ಬಂದ ಮೇಲೂ ಅವರು ಸಂತೆಯಲ್ಲೇ ಇರುತ್ತಿದ್ದರು.

ನನ್ನನ್ನು ನೋಡಲು ಅವರು ಚಿತ್ತಾಪುರಕ್ಕೆ ಬಂದ ದಿನದ ಕತೆ ಕೇಳಿ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ಇನ್ನೂ ಬಹಳ ವರ್ಷವಾಗಿರಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ನಾನು ಕಸೂತಿ ಹಾಕಿದ ದಿಂಬಿನ ಚೀಲಗಳನ್ನು ಅಪ್ಪ ಗೋಡೆಗೆ ಒರಗಿಸಿ ಜೋಡಿಸಿಟ್ಟಿದ್ದರು. ಅವ್ವ ಚುರುಮುರಿಯ ಸುಸಲಾ, ಭಜಿ ಮಾಡಿದ್ದಳು. ನಾನೊಂದು ದೇವರ ಹಾಡು ಬಾಯಿಪಾಠ ಮಾಡಿಕೊಂಡು ಗಂಟಲು ಸರಿಮಾಡಿಕೊಳ್ಳುತ್ತ ಕೂತಿದ್ದೆ. ಮಾವನವರು ಬಂದರು, ಕೂತರು, ನೀರು ಕುಡಿದರು. ಕಸೂತಿ ನೋಡಲಿಲ್ಲ, ಹಾಡು ಕೇಳಲಿಲ್ಲ.

"ಯವ್ವಾ, ಜರಾ ಕೆಳಗಿನ ತುಟಿ ಇಳಸು" ಎಂದರು.

ಅಪ್ಪನ ಕೈಯಲ್ಲಿದ್ದ ಭಜಿ ಕೈಯಲ್ಲೇ ಉಳಿಯಿತು. ನಾನು ಏನು ಮಾಡಲಿ? ಹಿರಿಯರು ಹೇಳಿದ್ದಾರೆ, ಇಳಿಸಿದೆ. ಅವರು ಎದ್ದು ಬಂದು, ನನ್ನನ್ನು ಕಿಟಕಿಯ ಬೆಳಕಿಗೆ ತಿರುಗಿ ನಿಲ್ಲಲು ಹೇಳಿ, ಬಗ್ಗಿ ನೋಡಿದರು.

"ಬೇವಿನ ಕಡ್ಡಿ ಏನು?"

"ಹೂಂರಿ."

"ರಕ್ತ ಬರ್ತದೇನು?"

"ಇಲ್ಲರಿ."

"ಮುಗೀತು! ಮುಹೂರ್ತ ತೆಗಸ್ರಿ!"

ಮದುವೆಯಾಗುವ ಹುಡುಗ ಮೂಲೆಯಲ್ಲಿ ಕೂತಿದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ. ಒಳಗಿನ ಬಾಗಿಲ ಹಿಂದೆ ನಿಂತಿದ್ದ ನಮ್ಮ ಅಜ್ಜಿ ಮಾತ್ರ, "ಬಾಲ ಎತ್ತಿ ನೋಡಲಿಲ್ಲಲ್ಲ, ನಮ್ಮ ಪುಣ್ಯ ದೊಡ್ಡದು" ಎಂದಳು.

ಇಲ್ಲೊಂದು ಗುಟ್ಟು ಹೇಳಬೇಕು. ಕೆಳಗಿನ ತುಟಿ ಇಳಿಸು ಎಂದ ಮಾವನವರು ಮೇಲಿನ ತುಟಿ ಎತ್ತು ಎನ್ನಲೇ ಇಲ್ಲ. ಎತ್ತಿಗೆ ಮುಂದಿನ ಹಲ್ಲುಗಳು ಇರುವುದು ಕೆಳಗೆ ಮಾತ್ರ. ಮೇಲೆ ಬರೀ ಗಟ್ಟಿ ಚರ್ಮ. ಹೀಗಾಗಿ ಮೇಲಿನದನ್ನು ನೋಡುವ ಅಭ್ಯಾಸವೇ ಅವರಿಗಿರಲಿಲ್ಲ. ನನ್ನನ್ನು ಅರ್ಧ ಬಾಯಿ ನೋಡಿ ಪೂರ್ತಿ ಮನೆಗೆ ತಂದುಕೊಂಡರು!

ಮದುವೆಯಾಗಿ ಸೇಡಮ್ಮಿಗೆ ಬಂದೆ. ಅತ್ತೆಯವರು ನಾನು ಬರುವ ಮೊದಲೇ ತೀರಿಕೊಂಡಿದ್ದರು. ನನ್ನ ಗಂಡ ರಾವೂರಿನ ಕಲ್ಲಿನ ಖಣಿಯೊಂದರಲ್ಲಿ ಗುಮಾಸ್ತ. ವಾರವೆಲ್ಲ ಅಲ್ಲಿದ್ದು ಶನಿವಾರ ಮೈಯೆಲ್ಲ ಬಿಳಿ ಧೂಳು ಹೊತ್ತು ಬರುತ್ತಿದ್ದರು, ಉಂಡು ಮಲಗುತ್ತಿದ್ದರು. ಉಳಿದ ದಿನ ಮನೆಯಲ್ಲಿ ನಾನು ಮತ್ತು ಮಾವನವರು. ಯಾರಾದರೂ ಬಂದರೆ ಸಾಕು, "ಯವ್ವಾ, ಇಲ್ಲಿ ಬಾ. ಇವರಿಗಿ ಜರಾ ತೋರಸು" ಎಂಬ ಕೂಗು. ರೊಟ್ಟಿ ಹಂಚಿನ ಮೇಲಿರಲಿ, ಸಾರು ಉಕ್ಕುತ್ತಿರಲಿ, ನಾನು ತಲೆಯ ಮೇಲೆ ಸೆರಗು ಹೊದ್ದು ಬಂದು ತುಟಿ ಇಳಿಸಿ ನಿಲ್ಲಬೇಕು. ಬಂದವರು ಮುಜುಗರದಿಂದ ಸೂರು ನೋಡುತ್ತಿದ್ದರು. "ನೋಡ್ರಿ, ದಾಳಿಂಬರದ ಬಣ್ಣ! ಸೀಮಿಯೊಳಗ ಎಲ್ಲೂ ಸಿಗಂಗಿಲ್ಲ" ಎಂದು ಇವರು. ನೋಡಿದ್ದಾಯಿತೇ? ಹೋಗು, ಚಹಾ ಇಡು. ಬೇರೆ ಸೊಸೆಯಂದಿರು ಅಡುಗೆಯಿಂದಲೋ ನಡತೆಯಿಂದಲೋ ಹೆಸರು ಮಾಡುತ್ತಾರೆ. ನನ್ನ ಮಾನವೆಲ್ಲ ಕೆಳಗಿನ ಸಾಲಿನ ವಸಡಿನ ಮೇಲೆ ನಿಂತಿತ್ತು.

ಊರವರ ಪಾಡು ಬೇರೆ. ನಮ್ಮ ಓಣಿಯಲ್ಲಿ ಜನ ನಗುವುದನ್ನೇ ಬಿಟ್ಟಿದ್ದರು. ಪೋಸ್ಟ್‌ಮನ್ ತುಟಿ ಬಿಗಿದು ಕಾಗದ ಕೊಟ್ಟು ಓಡುತ್ತಿದ್ದ. ಒಮ್ಮೆ ಚಿಂಚೋಳಿ ಬಸ್ಸಿನಲ್ಲಿ ಕಂಡಕ್ಟರ್, "ಟಿಕೇಟ್, ಟಿಕೇಟ್" ಎನ್ನುತ್ತ ಬಂದ. ಮಾವನವರು ಚೀಲಕ್ಕೆ ಕೈ ಹಾಕುವ ಬದಲು ಅವನ ಬಾಯಿಗೆ ಕಣ್ಣು ಹಾಕಿದರು.

"ತಮ್ಮಾ, ನಿನ್ನ ಕೆಳಗಿನ ವಸಡು ಬಾತದ. ಹಲ್ಲಿನ ಬುಡದಾಗ ಕಿಟ್ಟ ಕಟ್ಟ್ಯಾದ. ನಿನ್ನ ಸಂತಿಗಿ ತಂದ್ರ ಯಾರೂ ಹಿಡಿಯಂಗಿಲ್ಲ."

ಬಸ್ಸಿನ ತುಂಬ ನಗು. ಆ ಕಂಡಕ್ಟರ್ ಮುಂದೆಂದೂ ಇವರ ಹತ್ತಿರ ಬಾಯಿ ತೆರೆದು ಟಿಕೇಟು ಕೇಳಲಿಲ್ಲ. ಪಂಚ್ ಟಕಟಕ ಎನ್ನಿಸುತ್ತ ಪಕ್ಕದಲ್ಲಿ ನಿಲ್ಲುತ್ತಿದ್ದ, ಅಷ್ಟೇ.

ಇಡೀ ಊರಿನಲ್ಲಿ ಮಾವನವರು ಮೆಚ್ಚಿದ ಬಾಯಿಗಳು ಎರಡು. ಒಂದು ನನ್ನದು, ಇನ್ನೊಂದು ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಪಕ್ಕದ ಮನೆಯಾಕೆಯದು. ಖಾಲಾನ ಗಂಡ ಎತ್ತಿನ ಗೊರಸಿಗೆ ಕಬ್ಬಿಣದ ನಾಲು ಕಟ್ಟುವವರು, ಮಾವನವರ ಹಳೆಯ ದೋಸ್ತ. ಖಾಲಾ ಮುಂಜಾನೆ ಎದ್ದ ಕೂಡಲೇ ತಂಬಾಕು ಸುಟ್ಟು ಪುಡಿಮಾಡಿದ ಮಿಸ್ರಿಯನ್ನು ಬೆರಳಿಗೆ ಹಚ್ಚಿಕೊಂಡು ಹಲ್ಲು ಉಜ್ಜಲು ಕೂತರೆ ಬಿಸಿಲು ಕಟ್ಟೆಗೆ ಬರುವವರೆಗೂ ಏಳುತ್ತಿರಲಿಲ್ಲ. "ಇಷ್ಟ ವರ್ಷ ಆಯ್ತು, ಒಂದು ಹನಿ ರಕ್ತ ಬಂದಿಲ್ಲ ನೋಡ್ರಿ ಭಾಯಿ" ಎನ್ನುತ್ತಿದ್ದರು. "ಕರೆ ಅದ. ಗಚ್ಚಿನ ಗ್ವಾಡಿ ಇದ್ದಂಗ ಅದ ನಿಮ್ಮ ವಸಡು" ಎಂದು ಮಾವನವರು ಅರ್ಹತಾಪತ್ರ ಕೊಡುತ್ತಿದ್ದರು. ಆ ಗೋಡೆಯಿಂದ ಖಾಲಾನ ಹಲ್ಲುಗಳು ಒಂದೊಂದಾಗಿ, ನೋವಿಲ್ಲದೆ, ರಕ್ತವಿಲ್ಲದೆ ಉದುರಿ ಹೋಗುತ್ತಿದ್ದವು. ಅದನ್ನು ಇಬ್ಬರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಹೀಗಿರುವಾಗ ನನಗೆ ದಿನ ಹೋದವು. ವಾಂತಿ, ಸಂಕಟ, ಆಯಾಸ ಎಲ್ಲ ಹೆಂಗಸರಿಗೂ ಇದ್ದದ್ದೇ. ನನಗೆ ಅದರ ಜೊತೆ ಇನ್ನೊಂದು ಬಂತು. ಒಂದು ಮುಂಜಾನೆ ಬಾಯಿ ಮುಕ್ಕಳಿಸಿ ಉಗುಳಿದರೆ ನೀರು ಕೆಂಪು! ಕನ್ನಡಿ ಹಿಡಿದು ನೋಡಿಕೊಂಡೆ. ಮೇಲಿನ ಸಾಲಿನಲ್ಲಿ, ಎರಡು ಹಲ್ಲಿನ ಸಂದಿಯಲ್ಲಿ, ವಸಡು ಕೆಂಪಗೆ ಉಬ್ಬಿ ಸಣ್ಣ ಗುಳ್ಳೆಯಂತೆ ನಿಂತಿತ್ತು. ಕಡ್ಡಿ ತಾಗಿದರೆ ರಕ್ತ. ರೊಟ್ಟಿ ಕಡಿದರೆ ರಕ್ತ. ಕಡ್ಡಿ ಮುಟ್ಟಿಸಲು ಹೆದರಿ ಉಜ್ಜುವುದನ್ನೇ ಕಡಿಮೆ ಮಾಡಿದೆ. ಆಗ ಇನ್ನೂ ಹೆಚ್ಚಾಯಿತು.

ನೀವು ನಗುತ್ತೀರಿ. ನನಗೆ ಆಗ ನಗು ಬರಲಿಲ್ಲ. ಸಂತೆಯಲ್ಲಿ ಕೊಂಡ ಎತ್ತಿನಲ್ಲಿ ಏನಾದರೂ ಕುಂದು, ಖೋಡಿ ಕಂಡರೆ ಮುಂದಿನ ಸಂತೆಯೊಳಗೆ ತಿರುಗಿ ಹೊಡೆದುಕೊಂಡು ಹೋಗಿ ಮಾಲೀಕನಿಗೆ ಒಪ್ಪಿಸಬಹುದು. ಇದು ದಲಾಲಿಗಳ ಕಟ್ಟಳೆ. ಮಾವನವರು ಇಂಥ ಪಂಚಾಯಿತಿಯನ್ನು ನಮ್ಮ ಕಟ್ಟೆಯ ಮೇಲೆಯೇ ಎಷ್ಟೋ ಸಲ ತೀರಿಸಿದ್ದನ್ನು ಅಡುಗೆಮನೆಯಿಂದ ಕೇಳಿದ್ದೆ. ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡು ನಾನು ಚಿತ್ತಾಪುರದ ಹೊಸ್ತಿಲ ಮೇಲೆ ನಿಂತಂತೆ ಕಣ್ಣಿಗೆ ಕಟ್ಟುತ್ತಿತ್ತು. ಅಪ್ಪ ಏನೆಂದು ಕೇಳಿದರೆ ಏನು ಹೇಳಲಿ? ವಸಡು ಕೆಟ್ಟಿತೆಂದು ವಾಪಸು ಕಳಿಸಿದರು ಎನ್ನಲೇ?

ಬಚಾವಾಗಲು ಇದ್ದದ್ದು ಒಂದೇ ದಾರಿ. ಯಾರಾದರೂ ಬಂದು "ತೋರಸು" ಎಂದಾಗ ಕೆಳಗಿನ ತುಟಿ ಮಾತ್ರ ಇಳಿಸಿ, ಮೇಲಿನದನ್ನು ಹಲ್ಲಿನ ಮೇಲೆ ಬಿಗಿಹಿಡಿದು ನಿಲ್ಲುತ್ತಿದ್ದೆ. ನಗುವಂತಿಲ್ಲ, ಜೋರಾಗಿ ಮಾತಾಡುವಂತಿಲ್ಲ, ಆಕಳಿಸುವಂತಿಲ್ಲ. ಬಸುರಿ ಹೆಂಗಸು ಆಕಳಿಸದೆ ಇರುವುದೆಂದರೆ ಸುಮ್ಮನೆ ಆಯಿತೇ? ಸಂಜೆಯ ಹೊತ್ತಿಗೆ ಬೆನ್ನಿಗಿಂತ ತುಟಿಯೇ ಹೆಚ್ಚು ದಣಿಯುತ್ತಿತ್ತು. ಮಾವನವರು ಖಾಲಾನ ಮುಂದೆ, "ನಮ್ಮ ಸೊಸಿ ಭಾಳ ಗಂಭೀರ ಆಗ್ಯಾಳ" ಎಂದು ಖುಷಿಪಟ್ಟರು.

ಅದೇ ಕಾಲಕ್ಕೆ ಮಾವನವರ ಹೊಸ ಚಟವೊಂದು ನನ್ನ ಕಣ್ಣಿಗೆ ಬಿತ್ತು. ಹಾಸಿಗೆಯಿಂದ ಎದ್ದ ಕೂಡಲೇ ಎಲಿ-ಅಡಿಕಿ! ಊಟವಾದ ಮೇಲೆ ಹಾಕಿಕೊಳ್ಳುವವರನ್ನು ಕಂಡಿದ್ದೆ. ಮುಖ ತೊಳೆಯುವ ಮೊದಲು ಹಾಕಿಕೊಳ್ಳುವವರನ್ನು ಇವರಲ್ಲೇ ಕಂಡದ್ದು. ಬಾಯಿ ಯಾವಾಗಲೂ ಕೆಂಪು. ಒಣಗಿದ ಕಟಕ ರೊಟ್ಟಿ ಕಡಿಯುತ್ತಿದ್ದವರು ಈಗ ರೊಟ್ಟಿಯನ್ನು ಸಾರಿನಲ್ಲಿ ನೆನೆಹಾಕುತ್ತಿದ್ದರು. ಯಾಕೆಂದು ಕೇಳಿದರೆ, "ನೀ ಸಾರು ಛಲೋ ಮಾಡ್ತಿ, ಯವ್ವಾ" ಎನ್ನುತ್ತಿದ್ದರು. ನಾನು ನಂಬಿದೆ. ಹೊಗಳಿಕೆ ಯಾರಿಗೆ ಬೇಡ?

ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ಹಿತ್ತಲ ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿ ಉಗುಳಿದೆ. ಕೆಂಪು. ತಿರುಗಿ ನೋಡಿದರೆ ಬೇಲಿಯ ಹತ್ತಿರ ಮಾವನವರು ತಂಬಿಗೆ ಹಿಡಿದು ಬಗ್ಗಿದ್ದಾರೆ. ಅವರೂ ಉಗುಳಿದರು. ಅದೂ ಕೆಂಪು. ಎಲೆಯ ಚೀಲ ಇನ್ನೂ ಒಳಗೆ ಗೂಟಕ್ಕೆ ನೇತಾಡುತ್ತಿತ್ತು, ನಾನೇ ನೋಡಿ ಬಂದಿದ್ದೆ. ಅವರು ನನ್ನ ಬಚ್ಚಲ ಕಲ್ಲು ನೋಡಿದರು, ನಾನು ಅವರ ಬೇಲಿ ನೋಡಿದೆ. ಆಮೇಲೆ ಅವರು ತಂಬಿಗೆ ಕೆಳಗಿಟ್ಟು, "ಸೀರಿ ಉಟಗೊ. ಗಾಡಿಗಿ ಹೋಗೋದದ" ಎಂದು ಒಳಗೆ ನಡೆದರು.

ಎಲ್ಲಿಗೆ ಎನ್ನಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ. ನಾನು ಟ್ರಂಕು ತೆಗೆದು ಇದ್ದ ಸೀರೆಗಳನ್ನೆಲ್ಲ ತುಂಬಿದೆ, ದಿಂಬಿನ ಚೀಲಗಳನ್ನೂ ತುಂಬಿದೆ. ಖಾಲಾ ಬಂದು ಟ್ರಂಕು ನೋಡಿ, "ಕಹಾಂ ಬೇಟಿ, ಎಲ್ಲಿಗಿ?" ಎಂದರೆ ಅಳು ಬಂತು. ಮಾವನವರು ಟ್ರಂಕನ್ನೊಮ್ಮೆ ನೋಡಿದರು, "ಇಷ್ಟ್ಯಾಕ?" ಎಂದರು, ಉತ್ತರಕ್ಕೆ ಕಾಯದೆ ಹೆಗಲ ಮೇಲೆ ಹೊತ್ತುಕೊಂಡರು.

ಸೇಡಮ್ಮಿನಿಂದ ವಾಡಿಯ ಕಡೆ ಹೋಗುವ ಪ್ಯಾಸೆಂಜರ್ ಗಾಡಿ ನಡುವೆ ಚಿತ್ತಾಪುರದಲ್ಲಿ ನಿಲ್ಲುತ್ತದೆ. ಆ ದಾರಿಯಷ್ಟು ಉದ್ದದ ದಾರಿ ನಾನು ಇಂದಿಗೂ ಕಂಡಿಲ್ಲ. ಮಾವನವರು ಕಿಟಕಿಗೆ ಮುಖ ಹಾಕಿ ಕೂತಿದ್ದರು. ಚಿತ್ತಾಪುರ ಬಂತು. ಅವರು ಎದ್ದರು. ನಾನೂ ಎದ್ದು ಟ್ರಂಕಿನ ಹಿಡಿಕೆಗೆ ಕೈ ಹಾಕಿದೆ. ಅವರು ನನ್ನ ಕಡೆ ನೋಡದೆ ಇಳಿದು ಜನರಲ್ಲಿ ಮಾಯವಾದರು. ಅಪ್ಪನಿಗೆ ಹೇಳಿಕಳಿಸಲು ಹೋದರು ಎಂದುಕೊಂಡು ಟ್ರಂಕನ್ನು ಬಾಗಿಲವರೆಗೆ ಎಳೆದೆ. ಗಾಡಿ ಸಿಳ್ಳೆ ಹಾಕಿತು. ಅಷ್ಟರಲ್ಲಿ ಮಾವನವರು ಎರಡು ಬಾಳೆಹಣ್ಣು ಹಿಡಿದು ಓಡಿಬಂದು ಹತ್ತಿದರು.

"ಮೆತ್ತಗ ಅವ, ತಿನ್ನು" ಎಂದರು. ಬಾಗಿಲಲ್ಲಿ ಟ್ರಂಕು ಕಂಡು, "ಇದನ್ಯಾಕ ಇಲ್ಲಿ ತಂದಿ? ಗುಲಬರ್ಗಾ ಇನ್ನ ದೂರ ಅದ. ಹಲ್ಲಿನ ಡಾಕ್ಟರ್ ಬಲ್ಲಿ ಹೋಗೋದದ" ಎಂದರು.

ನಾನು ಬಾಳೆಹಣ್ಣು ತಿಂದೆ. ಜನ್ಮದಲ್ಲಿ ಅಂಥ ಬಾಳೆಹಣ್ಣು ತಿಂದಿಲ್ಲ. ವಾಡಿಯಲ್ಲಿ ಗಾಡಿ ಬದಲಿಸಿ, ಶಹಾಬಾದ ದಾಟಿ, ಗುಲಬರ್ಗಾ ಮುಟ್ಟಿದೆವು.

ಡಾಕ್ಟರು ಮೈಸೂರು ಕಡೆಯ ಹುಡುಗ. ಹೊಸದಾಗಿ ಕಾಲೇಜು ಮುಗಿಸಿ ಬಂದವರು. ಮೊದಲು ನನ್ನನ್ನು ಕೂರಿಸಿ, "ಮೇಲಿನ ತುಟಿ ಎತ್ತಿ" ಎಂದರು. ಮಾವನವರು ಬೆಚ್ಚಿಬಿದ್ದರು.

"ಮ್ಯಾಲೂ ನೋಡಬೇಕೇನ್ರಿ?"

"ಎರಡೂ ಕಡೆ ನೋಡಬೇಕು ಸ್ವಾಮಿ. ಹಲ್ಲು ಎರಡೂ ಕಡೆ ಇದೆಯಲ್ಲ."

ಮಾವನವರು ಗೋಡೆ ಹಿಡಿದು ಕೂತರು. ಇಷ್ಟು ವರ್ಷ ನೋಡಿದ ಬಾಯಿಗಳೆಲ್ಲ ಅರ್ಧರ್ಧವಾಗಿ ಕಣ್ಣ ಮುಂದೆ ಬಂದಿರಬೇಕು, ಪಾಪ!

ಡಾಕ್ಟರು ಹೇಳಿದ್ದು ಇಷ್ಟು. ಹಲ್ಲಿನ ಬುಡದಲ್ಲಿ ದಿನವೂ ಪಾಚಿಯಂಥ ಪದರ ಕಟ್ಟುತ್ತದೆ, ಅದರಲ್ಲಿ ಕಣ್ಣಿಗೆ ಕಾಣದ ಕ್ರಿಮಿಗಳಿರುತ್ತವೆ. ಅವು ಒಳಗೆ ನುಗ್ಗದಂತೆ ನಮ್ಮ ರಕ್ತದಲ್ಲಿರುವ ಬಿಳಿ ಕಣಗಳು ವಸಡಿಗೆ ಬಂದು ಕಾವಲು ನಿಲ್ಲುತ್ತವೆ. ಚೊಕ್ಕಟವಾದ ಬಾಯಲ್ಲೂ ಒಂದಷ್ಟು ಕಾವಲು ಇದ್ದೇ ಇರುತ್ತದೆ. ಪದರ ಹೆಚ್ಚಾದರೆ ಕಾವಲಿನವರೂ ಹೆಚ್ಚಾಗಿ ಬರುತ್ತಾರೆ. ಅವರು ಬರಲೆಂದು ರಕ್ತದ ದಾರಿಗಳು ಅಗಲವಾಗುತ್ತವೆ. ವಸಡು ಕೆಂಪಾಗುವುದು, ಊದುವುದು ಅದಕ್ಕೇ. ಪದರವನ್ನು ಉಜ್ಜಿ ತೆಗೆದರೆ ಗುಂಪು ಚದರುತ್ತದೆ. "ತಳಿಯೊಳಗೇ ದೋಷ ಅದೇನ್ರಿ?" ಎಂದು ಮಾವನವರು ಕೇಳಿದರು.

"ಬಸುರಿಯರಲ್ಲಿ ಸ್ವಲ್ಪ ಪಾಚಿಗೂ ಈ ಕಾವಲಿನವರು ಬಹಳ ಗದ್ದಲ ಮಾಡುತ್ತಾರೆ. ತಳಿಯ ದೋಷ ಏನೂ ಅಲ್ಲ. ಹೆದರದೆ ಮೆತ್ತಗೆ ಉಜ್ಜಿ, ಹೆರಿಗೆಯಾದ ಮೇಲೆ ತಾನೇ ಇಳಿಯುತ್ತದೆ" ಎಂದರು.

ತಳಿಯ ದೋಷ ಅಲ್ಲ! ನಾನು ಕಣ್ಣು ಮುಚ್ಚಿಕೊಂಡೆ. ಎಷ್ಟೋ ವಾರಗಳಿಂದ ಬಿಗಿಹಿಡಿದಿದ್ದ ಮೇಲಿನ ತುಟಿ ತಾನಾಗಿಯೇ ಸಡಿಲವಾಯಿತು.

"ಮತ್ತ ನಮ್ಮ ಖಾಲಾಗ ರಕ್ತನೇ ಬರಂಗಿಲ್ಲಲ್ರಿ? ಮಿಸ್ರಿ ತಿಕ್ಕ್ತಾರ" ಎಂದು ಮಾವನವರು ಕೊನೆಯ ವಾದ ಹೂಡಿದರು.

"ತಂಬಾಕು ಆ ಕೆಂಪನ್ನು, ರಕ್ತವನ್ನು ಮುಚ್ಚಿಡುತ್ತದೆ ಸ್ವಾಮಿ. ಕಾವಲಿನವರೂ ಮಂಕಾಗುತ್ತಾರೆ. ಮೇಲೆ ಎಲ್ಲ ಚೆನ್ನಾಗಿ ಕಾಣುತ್ತದೆ, ಒಳಗೆ ಬೇರು ಸಡಿಲವಾಗುತ್ತಿರುತ್ತದೆ."

ಮಾವನವರು ಟವೆಲಿನಿಂದ ಬಾಯಿ ಒರೆಸಿಕೊಂಡರು. ಆಮೇಲೆ ಯಾರದೋ ವಿಷಯ ಕೇಳುವವರಂತೆ, "ವರ್ಷಗಟ್ಟಲೆ ರಕ್ತ ಬಂದ್ರ? ಹಲ್ಲು ಅಳ್ಳಾಡಿದ್ರ?" ಎಂದರು.

"ಆಗ ಜಗಳ ಮುಗಿಯುವುದೇ ಇಲ್ಲ. ಕ್ರಿಮಿಗಳನ್ನು ಹೊಡೆಯುವ ಭರದಲ್ಲಿ ಕಾವಲಿನವರೇ ಹಲ್ಲು ಹಿಡಿದಿರುವ ಮೂಳೆಯನ್ನು ಕರಗಿಸಿಬಿಡುತ್ತಾರೆ. ಕ್ರಿಮಿ ಮಾಡುವ ಹಾನಿಗಿಂತ ಇವರು ಮಾಡುವುದೇ ಹೆಚ್ಚು."

"ಅಂದ್ರ ನಮ್ಮ ಮಂದೀನೇ ನಮ್ಮ ಗ್ವಾಡಿ ಕೆಡವತಾರ?"

"ಹೌದು."

"ಓಣಿಯೊಳಗ ಕಳ್ಳ ಬಂದಾಗ ಹಿಂಗೇ ಆಯ್ತಲ್ರಿ! ಕಳ್ಳ ಓಡಿ ಹೋದ. ಬಡಿಗಿ ಹಿಡಕೊಂಡು ಬಂದವರು ಕತ್ತಲಾಗ ನನ್ನ ಕೊಟ್ಟಗಿನೇ ಕೆಡವಿದ್ರು."

ಡಾಕ್ಟರು ನಕ್ಕು ಕುರ್ಚಿ ತೋರಿಸಿದರು. ಊರಿನವರ ಬಾಯಿಗಳನ್ನೆಲ್ಲ ತೆರೆಸಿದ ಮಾವನವರು ಕುರ್ಚಿಯಲ್ಲಿ ಕೂತು ತಮ್ಮ ಬಾಯಿಯನ್ನು ಮಾತ್ರ ತೆರೆಯಲೊಲ್ಲರು! ಡಾಕ್ಟರು ಬೇಡಿದರು, ಗದರಿದರು, ಕೈ ಮುಗಿದರು. ಏನೂ ಆಗಲಿಲ್ಲ. ನನಗೆ ಸಾಕಾಗಿಹೋಗಿತ್ತು. ನಾನು ಎದ್ದು ಹೋಗಿ ಪಕ್ಕದಲ್ಲಿ ನಿಂತು, ಅಲ್ಲಿಯವರೆಗೆ ಅವರ ಮುಂದೆ ಎಂದೂ ಎತ್ತದ ದನಿಯಲ್ಲಿ, "ಬಾಯಿ ತೆಗೀರಿ, ಮಾವಾರ" ಎಂದೆ.

ತೆಗೆದರು. ನಾನು ನೋಡಿದೆ. ಕೆಳಗಿನ ವಸಡು ಹಲ್ಲು ಬಿಟ್ಟು ಇಳಿದುಹೋಗಿತ್ತು. ಮುಂದಿನ ಹಲ್ಲುಗಳು ಉಸಿರಿಗೇ ಅಳ್ಳಾಡುವಂತಿದ್ದವು. ಇಷ್ಟನ್ನು ಇಟ್ಟುಕೊಂಡು ಈ ಮನುಷ್ಯ ಹೇಗೆ ಉಣ್ಣುತ್ತಿದ್ದರು, ಹೇಗೆ ನಿದ್ದೆ ಮಾಡುತ್ತಿದ್ದರು? ನಾನು ಒಂದೇ ಮನೆಯಲ್ಲಿದ್ದೆ, ಎದುರಿಗೆ ಕೂತು ಬಡಿಸುತ್ತಿದ್ದೆ.

"ಯಾವಾಗಿಂದ ಮಾವಾರ?"

"ನಿಮ್ಮತ್ತಿ ಹೋದಾಗಿಂದ" ಎಂದರು. ಮುಂದಿನ ಹಲ್ಲುಗಳನ್ನು ಕೀಳಲೇಬೇಕೆಂದ ಡಾಕ್ಟರು ಸೂಜಿಮದ್ದು ತುಂಬಿಸಿಕೊಳ್ಳಲು ಆಚೆ ತಿರುಗಿದ್ದರು. "ಆಕಿ ಇದ್ದಾಗ ದಿನಾ ಉಪ್ಪುನೀರು ಕಾಸಿ ಕೊಡ್ತಿದ್ಲು. ನೋವು ಅಂದ್ರ ಬಾಯಿ ತೆಗಸಿ ನೋಡ್ತಿದ್ಲು. ಆಕಿ ಹೋದ ಮ್ಯಾಲ, ನೋವಾಗಲಿಕತ್ತದ ಅಂತ ಯಾರಿಗಿ ಹೇಳಬೇಕೋ ತಿಳೀಲಿಲ್ಲ, ಯವ್ವಾ."

"ನನಗ ಹೇಳ್ರಿ" ಎಂದೆ.

ನಮ್ಮ ಕಡೆ ಮಾವನಾದವರು ಸೊಸೆಯ ಕೈ ಮುಟ್ಟುವುದಿಲ್ಲ. ನೀರಿನ ತಂಬಿಗೆಯನ್ನೂ ನಾವು ಕೆಳಗಿಟ್ಟು ಸರಿಯುತ್ತೇವೆ, ಅವರು ಎತ್ತಿಕೊಳ್ಳುತ್ತಾರೆ. ಡಾಕ್ಟರು ಇಕ್ಕಳ ಹಿಡಿದು ಬಂದಾಗ ಮಾವನವರು ಹೆಗಲ ಮೇಲಿನ ಟವೆಲು ತೆಗೆದು ಕುರ್ಚಿಯ ತೋಳಿನ ಮೇಲಿದ್ದ ನನ್ನ ಕೈಯ ಮೇಲೆ ಹರಡಿದರು. ಸಂತೆಯಲ್ಲಿ ದಲಾಲಿಗಳು ಹೀಗೇ ಟವೆಲಿನ ಕೆಳಗೆ ಬೆರಳು ಹಿಡಿದು, ನಾಲ್ಕು ಜನರಿಗೆ ಕಾಣದಂತೆ ಎತ್ತಿನ ಬೆಲೆ ಮಾತಾಡುತ್ತಾರೆ. ಆ ಬಟ್ಟೆಯ ಕೆಳಗೆ ಅವರ ಒರಟು ಕೈ ನನ್ನ ಬೆರಳುಗಳನ್ನು ಹುಡುಕಿ ಹಿಡಿಯಿತು. ನಾನು ಕೈ ಎಳೆದುಕೊಳ್ಳಲಿಲ್ಲ. ಒಂದೊಂದು ಹಲ್ಲು ಬರುವಾಗಲೂ ಅವರು ಬೆರಳು ಒತ್ತುತ್ತಿದ್ದರು. ನೋವಾಗಲಿಕತ್ತದ ಎಂದು ಅವರು ಬೆರಳಿನಲ್ಲೇ ಹೇಳುತ್ತಿದ್ದರು. ನಾನು ತಿರುಗಿ ಒತ್ತುತ್ತಿದ್ದೆ.